ಮಗುವಿನ ಬಾಯಿಗೆ ಭಾಷಣ ತುರುಕಬೇಡ

ಪ್ರೀತಿಯ ತಂಗಿ,

ನಿನ್ನ ಕಥೆ ಓದಿದೆ. ಎಂಟು ವರ್ಷದ ಹುಡುಗಿಯ ಕಣ್ಣಿಂದ ಜಾತಿಯನ್ನು ನೋಡಬೇಕು ಅನ್ನುವ ನಿನ್ನ ಆಸೆ ನನಗೆ ತುಂಬಾ ಹಿಡಿಸಿತು. ಆದರೆ ಮೂರನೇ ಪುಟದಿಂದ ಅವಳ ಬಾಯಲ್ಲಿ ನೀನೇ ಮಾತಾಡುತ್ತಿದ್ದೀಯ. ಮನುಷ್ಯರೆಲ್ಲ ಒಂದೇ ಅಂತ ಅಪ್ಪನಿಗೆ ಬುದ್ಧಿ ಹೇಳುತ್ತಾಳೆ. ಆ ವಯಸ್ಸಿನ ಮಕ್ಕಳು ಹಾಗೆ ಮಾತಾಡಲ್ಲ, ಅಲ್ವಾ?

ಅಮೆರಿಕದ ಲೇಖಕಿ ಹಾರ್ಪರ್ ಲೀ ಅವರ ‘ಟು ಕಿಲ್ ಎ ಮಾಕಿಂಗ್‌ಬರ್ಡ್’ ಕಾದಂಬರಿ ಓದು. 1960ರಲ್ಲಿ ಬಂದದ್ದು. ಮೊದಲೇ ಓದಿದ್ದರೆ ಈ ಸಲ ಬರೆಯುವವಳಾಗಿ ಓದು. ಕಥೆ ನಡೆಯುವುದು 1930ರ ದಶಕದಲ್ಲಿ, ಅಮೆರಿಕದ ಅಲಬಾಮಾ ರಾಜ್ಯದಲ್ಲಿ. ಟಾಮ್ ರಾಬಿನ್ಸನ್ ಎಂಬ ಕಪ್ಪು ಜನಾಂಗದ ಕೂಲಿಯಾಳು ಬಿಳಿ ಹುಡುಗಿಯ ಮೇಲೆ ಅತ್ಯಾಚಾರ ಮಾಡಿದ ಅಂತ ಸುಳ್ಳು ಆರೋಪ. ಅವನ ಪರ ವಾದಿಸುವ ವಕೀಲ ಆಟಿಕಸ್‌ನ ಮಕ್ಕಳು ಅಣ್ಣ ಜೆಮ್ ಮತ್ತು ತಂಗಿ ಸ್ಕೌಟ್. ಕಥೆ ಹೇಳುವವಳು ಸ್ಕೌಟ್. ಕಪ್ಪು ಜನರಿಗೆ ಬಿಟ್ಟ ಬಾಲ್ಕನಿಯಲ್ಲಿ ಕೂತು ಇವರು ವಿಚಾರಣೆ ನೋಡುತ್ತಾರೆ. ಹುಡುಗಿಯ ಮುಖದ ಬಲಗಡೆ ಏಟು ಬಿದ್ದಿದೆ, ಅಂದರೆ ಹೊಡೆದವನು ಎಡಗೈ ಬಳಸಿರಬೇಕು. ಟಾಮ್‌ನ ಎಡಗೈ ಚಿಕ್ಕಂದಿನಲ್ಲೇ ಹತ್ತಿಯಿಂದ ಬೀಜ ಬೇರ್ಪಡಿಸುವ ಯಂತ್ರಕ್ಕೆ ಸಿಕ್ಕಿ ಸ್ವಾಧೀನ ತಪ್ಪಿದೆ. ಇಷ್ಟು ಸಾಕು, ನಾವು ಗೆದ್ದೆವು ಅಂತ ಜೆಮ್ ನಂಬಿಬಿಡುತ್ತಾನೆ. ತೀರ್ಪು ಕೊಡುವ ಜ್ಯೂರಿ ಟಾಮ್‌ನನ್ನು ಅಪರಾಧಿ ಅಂದಾಗ ಅಳುತ್ತಾನೆ. ಇದು ಸರಿಯಲ್ಲ ಅಂತಷ್ಟೇ ಅಪ್ಪನಿಗೆ ಹೇಳುತ್ತಾನೆ. ಉಪದೇಶ ಏನಿದ್ದರೂ ಅಪ್ಪನದು. ಅದು ಕೆಲವು ಕಡೆ ಜಾಸ್ತಿಯಾಯಿತು ಅಂತಲೂ ನನಗನ್ನಿಸುತ್ತದೆ.

ಕೋರ್ಟಿಗಿಂತ ನನ್ನನ್ನು ಜಾಸ್ತಿ ಕಾಡಿದ್ದು 26ನೇ ಅಧ್ಯಾಯ. ಶಾಲೆಯಲ್ಲಿ ಮಿಸ್ ಗೇಟ್ಸ್ ಹಿಟ್ಲರನ ಬಗ್ಗೆ ಪಾಠ ಮಾಡುತ್ತಾರೆ. ಯಹೂದಿಗಳಿಗಾಗಿ ಮರುಗುತ್ತಾರೆ. ನಮ್ಮದು ಪ್ರಜಾಪ್ರಭುತ್ವ, ನಾವು ಯಾರನ್ನೂ ಹಿಂಸಿಸಲ್ಲ ಅನ್ನುತ್ತಾರೆ. ಸ್ಕೌಟ್‌ಗೆ ಏನೋ ಕೊರೆಯುತ್ತದೆ. ತೀರ್ಪು ಬಂದ ರಾತ್ರಿ ಕೋರ್ಟಿನಿಂದ ಹೊರಬರುವಾಗ ಇದೇ ಟೀಚರ್ ಕಪ್ಪು ಜನರ ಬಗ್ಗೆ ಆಡಿದ ಮಾತು ಅವಳ ಕಿವಿಗೆ ಬಿದ್ದಿತ್ತು. ಇವರು ಮೆರೆಯೋದು ಜಾಸ್ತಿಯಾಗಿತ್ತು, ಯಾರಾದರೂ ಬುದ್ಧಿ ಕಲಿಸಲೇಬೇಕಿತ್ತು ಅನ್ನುವ ಅರ್ಥದ ಮಾತು. ಹಿಟ್ಲರನನ್ನು ಅಷ್ಟು ದ್ವೇಷಿಸುವವರು ಸ್ವಂತ ಊರಿನವರ ವಿಷಯದಲ್ಲಿ ಹೀಗ್ಯಾಕೆ ಅಂತ ಅಣ್ಣನನ್ನು ಕೇಳುತ್ತಾಳೆ. ಜೆಮ್ ಉತ್ತರ ಕೊಡುವುದಿಲ್ಲ. ಅವಳ ಕಾಲರ್ ಹಿಡಿದು ಅಲ್ಲಾಡಿಸಿ, ಇನ್ಯಾವತ್ತೂ ಆ ಕೋರ್ಟಿನ ಸುದ್ದಿ ಎತ್ತಬೇಡ ಅಂತ ರೇಗುತ್ತಾನೆ. ಅವಳು ಹೋಗಿ ಅಪ್ಪನ ತೊಡೆ ಏರುತ್ತಾಳೆ.

ನೋಡು, ತಂಗಿಗೆ ಕೇಳುವ ವಯಸ್ಸು ಬಂದಿದೆ. ಅಣ್ಣನಿಗೆ ಆ ಪ್ರಶ್ನೆಯೇ ತಡೆಯಲಾಗದ ವಯಸ್ಸು. ಮಕ್ಕಳು ದೊಡ್ಡವರಾಗುವುದನ್ನು ಲೀ ಆ ಜಗಳದಲ್ಲೇ ತೋರಿಸಿಬಿಟ್ಟರು.

ಇನ್ನೊಂದು ಮಾತು. ಟಾಮ್‌ಗೂ ಮಕ್ಕಳಿದ್ದಾರೆ. ಅವನು ಜೈಲಿನಲ್ಲಿ ಗುಂಡೇಟಿಗೆ ಸತ್ತ ಸುದ್ದಿ ಹೇಳಲು ಆಟಿಕಸ್ ಹೋದಾಗ ಒಂದು ಪುಟ್ಟ ಹುಡುಗಿ ಆಟಿಕಸ್‌ನ ಬೆರಳು ಹಿಡಿದು ಮೆಟ್ಟಿಲು ಇಳಿಯುತ್ತಾಳೆ. ಆಮೇಲೆ ಅವಳಿಗೆ ಏನಾಯಿತು? ಆ ಮನೆಯಲ್ಲಿ ಬೆಳೆಯುವುದು ಹೇಗಿರುತ್ತದೆ? ಕಾದಂಬರಿ ಅತ್ತ ಹೋಗುವುದೇ ಇಲ್ಲ. ಇಷ್ಟು ಪ್ರೀತಿಸುವ ಪುಸ್ತಕದಲ್ಲಿ ನನಗೆ ಕೊರತೆ ಅನ್ನಿಸುವುದು ಇದೇ.

ನಿನ್ನ ಕಥೆಯಲ್ಲೂ ಅಂಗಳದಲ್ಲಿ ಬೇರೆ ಲೋಟದಲ್ಲಿ ಚಹಾ ಕುಡಿಯುವ ಆಳಿನ ಜೊತೆ ಅವನ ಮಗ ಬಂದಿದ್ದಾನೆ. ಒಂದೇ ಸಾಲು, ಹೆಸರೂ ಇಲ್ಲ. ಅವನೂ ನಿನ್ನ ಹುಡುಗಿಯ ಶಾಲೆಗೇ ಹೋಗುತ್ತಾನಾ? ಅವನ ಅಪ್ಪ ಆ ಲೋಟ ತಾನೇ ತೊಳೆದಿಡುವಾಗ ಆ ಹುಡುಗ ಎಲ್ಲಿ ನಿಂತಿರುತ್ತಾನೆ? ಬುದ್ಧಿ ಹೇಳುವ ಆ ಪುಟ ಪೂರ್ತಿ ತೆಗೆದು, ಆ ಜಾಗವನ್ನು ಇವನಿಗೆ ಕೊಟ್ಟು ಬರೆ. ಆದ ಮೇಲೆ ಕಳಿಸು, ಓದಲು ಕಾಯುತ್ತಿರುತ್ತೇನೆ.

ಪ್ರೀತಿಯಿಂದ,
ನಿನ್ನ ಅಕ್ಕ