ಸಿಂಪಡಣೆಗೆ ಮೊದಲೇ ರಕ್ತ ಪರೀಕ್ಷೆ ಆಗಲಿ

ಮಾನ್ಯರೇ,

ಸಿಂಧನೂರು, ಮಾನ್ವಿ ಭಾಗದ ಭತ್ತ, ಹತ್ತಿ ಹೊಲಗಳಲ್ಲಿ ಕೀಟನಾಶಕದ ಎಣ್ಣೆ ಹೊಡೆಯುವ ಕೂಲಿಕಾರರಿಗೆ ಹಂಗಾಮಿಗೆ ಮುನ್ನವೇ ಕೋಲಿನೆಸ್ಟರೇಸ್ ಪರೀಕ್ಷೆ ಮಾಡಿಸಬೇಕು. ಇದು ನರಗಳ ಕೆಲಸಕ್ಕೆ ಬೇಕಾದ, ಕೆಲವು ಕೀಟನಾಶಕಗಳು ತಡೆಹಿಡಿಯುವ ಕಿಣ್ವ. ಈ ಕಿಣ್ವದ ಸಹಜ ಮಟ್ಟ ಒಬ್ಬೊಬ್ಬರಲ್ಲಿ ಒಂದೊಂದು. ಸಿಂಪಡಣೆಗೆ ಮುಂಚಿನ ಮೂಲ ಅಂಕಿ ಇಲ್ಲದಿದ್ದರೆ ‘ನಾರ್ಮಲ್’ ಎಂಬ ವರದಿಯೂ ದಾರಿ ತಪ್ಪಿಸುತ್ತದೆ. ಕೆಂಪು ರಕ್ತಕಣದ ಕಿಣ್ವ ಮೂಲ ಮಟ್ಟದ ಶೇ 70ಕ್ಕೆ ಇಳಿದರೆ ಸಿಂಪಡಣೆ ಕೆಲಸ ಬಿಡಿಸಲೇಬೇಕು. ಕ್ಲೋರ್‌ಪೈರಿಫಾಸ್‌ನಂಥ ಆರ್ಗನೋಫಾಸ್ಫೇಟ್ ಕೀಟನಾಶಕ ಅದನ್ನು ಕಾಯಂ ಆಗಿ ಕಟ್ಟಿಹಾಕಿದರೆ, ಹೊಸ ಕಣಗಳು ಹುಟ್ಟಿ ಬರುವವರೆಗೆ, ಅಂದರೆ ಮೂರ್ನಾಲ್ಕು ತಿಂಗಳು, ಪೂರ್ತಿ ಚೇತರಿಕೆ ಇಲ್ಲ. ಪ್ಲಾಸ್ಮಾದ (ರಕ್ತದ ದ್ರವಭಾಗದ) ಕಿಣ್ವ ವಾರಗಳಲ್ಲೇ ಏರುತ್ತದೆ, ಯಕೃತ್ತಿನ ಕಾಯಿಲೆಯಲ್ಲೂ ಕುಸಿಯುತ್ತದೆ, ಅದೊಂದನ್ನೇ ನಂಬಬಾರದು.

ರಕ್ತ ತೆಗೆದ ಕೂಡಲೇ ಐಸ್ ಮೇಲಿಡಿ. ನಮ್ಮ ಬಿಸಿಲಲ್ಲಿ ಬಿಟ್ಟರೆ ಉಳಿದ ವಿಷ ಟ್ಯೂಬಿನೊಳಗೂ ಕಿಣ್ವವನ್ನು ತಡೆಯುತ್ತಲೇ ಇರುತ್ತದೆ. ಈ ಕಿಣ್ವದ ಮಟ್ಟ ತಿಳಿಯಲು ಹಳದಿ ಬಣ್ಣ ಅಳೆಯುವ 1961ರ ಎಲ್ಮನ್ ವಿಧಾನ ಜಿಲ್ಲಾ ಪ್ರಯೋಗಾಲಯಕ್ಕೆ ದೊಡ್ಡ ಹೊರೆಯೇನಲ್ಲ.

– ಔಷಧಶಾಸ್ತ್ರ ಬೋಧಕರು, ರಾಯಚೂರು