ತಟ್ಟಿದರೆ ಬಿಡಬೇಕು

ಮಾಟುಂಗಾ, ಮುಂಬಯಿ

ಚಿ. ಮೇಘಾಳಿಗೆ ಅತ್ತೆಯ ಆಶೀರ್ವಾದಗಳು.

ನಿನ್ನೆ ರಾತ್ರಿ ನಿನ್ನ ಅಮ್ಮ ಫೋನಿನಲ್ಲಿ ಅತ್ತಳು. ಜೂಡೊ ಸ್ಪರ್ಧೆಗೆ ನಿನ್ನನ್ನು 57 ಕಿಲೋ ವಿಭಾಗದಿಂದ 52ಕ್ಕೆ ಇಳಿಸಬೇಕೆಂದು ನಿಮ್ಮ ಸರ್ ನೀರು ಕುಡಿಯಬೇಡ ಎಂದಿದ್ದಾರಂತೆ. ಪ್ಲಾಸ್ಟಿಕ್ ಜಾಕೆಟ್ ತೊಡಿಸಿ ಪುಣೆಯ ಪರ್ವತಿ ಗುಡ್ಡದ ಮೆಟ್ಟಿಲು ಹತ್ತಿಸುತ್ತಾರಂತೆ. ಭಾನುವಾರ ಅವರ ಅಂಗಡಿಯ ಕೆಲಸ. ಬೇರೆ ಯಾರ ಬಳಿಯೂ ಕಲಿಯುವುದಿಲ್ಲ ಎಂಬ ಕಾಗದಕ್ಕೆ ಸಹಿ. ಏನಾದರೂ ಕೇಳಿದರೆ ಗುರುದ್ರೋಹ.

ಬೆನ್ನ ಮೇಲೆ ಹೊತ್ತು ಎಸೆಯುವ ಆ ಪಟ್ಟನ್ನು ನಿನ್ನ ಮೈಗೆ ಕೂಡಿಸಿದವರು ಅವರೇ, ಅದನ್ನು ನಾನು ಮರೆತಿಲ್ಲ. ಚಾಪೆಗೆ ಕಾಲಿಡುವಾಗ ತಲೆಬಾಗು, ಉಗುರು ಕತ್ತರಿಸಿಕೊಂಡು ಹೋಗು, ಚಾಪೆ ಗುಡಿಸು. ಅದೆಲ್ಲ ವಿದ್ಯೆಯ ಭಾಗ. ಅವರ ಅಂಗಡಿ ಗುಡಿಸುವುದು ಯಾವ ವಿದ್ಯೆ, ಹೇಳು?

ಜೂಡೊದಲ್ಲಿ ಹಿಡಿತ ಕಲಿಸುವ ಮೊದಲೇ ತಟ್ಟುವುದನ್ನು ಕಲಿಸುತ್ತಾರೆ. ಕತ್ತು ಅಮುಕಿದಾಗ, ಮೊಣಕೈ ತಿರುಚಿದಾಗ ಎರಡು ಸಲ ತಟ್ಟಿದರೆ ಎದುರಾಳಿ ಆ ಕ್ಷಣವೇ ಬಿಡಬೇಕು. ಏಕೆ ತಟ್ಟಿದೆ ಎಂದು ಯಾರೂ ಕೇಳುವುದಿಲ್ಲ. ಆ ನಂಬಿಕೆಯಿಂದಲೇ ನೀನು ನಿನ್ನ ಗೆಳತಿಯ ಕೈಗೆ ಕತ್ತು ಕೊಡುತ್ತೀಯೆ. 1882ರಲ್ಲಿ ಟೋಕಿಯೊದಲ್ಲಿ ಕೊಡೊಕಾನ್ ಎಂಬ ಜೂಡೊ ಶಾಲೆ ಆರಂಭಿಸಿದ ಕಾನೊ ಜಿಗೊರೊ, ತಾನೂ ಎದುರಿನವನೂ ಒಟ್ಟಿಗೆ ಏಳಿಗೆಯಾಗಬೇಕು ಎಂಬುದನ್ನೇ ಜೂಡೊದ ತತ್ವವಾಗಿಸಿದರು. ಶಿಷ್ಯೆ ತಟ್ಟಿದಾಗ ಗುರುವೂ ಬಿಡಬೇಕಲ್ಲವೇ?

ನಾನು ತಟ್ಟಲಿಲ್ಲ ಮೇಘಾ. 19ರ ಹರೆಯದಲ್ಲಿ ಇಲ್ಲಿಯೇ ಒಂದು ತರಗತಿಗೆ ಹೋಗುತ್ತಿದ್ದೆ. ಭುಜ ಊದಿದೆ ಎಂದಾಗ ನನ್ನ ಗುರುಗಳು ನೋವೇ ಪರೀಕ್ಷೆ ಎಂದರು. ಮೂರು ವಾರ ಹಾಗೆಯೇ ಬೀಳುತ್ತ ಏಳುತ್ತ ಅಭ್ಯಾಸ ಮಾಡಿದೆ. ಇಂದಿಗೂ ಗ್ಯಾಲರಿಯ ಹಗ್ಗಕ್ಕೆ ಒದ್ದೆ ಸೀರೆ ಎಸೆಯಲು ಬಲಗೈ ಮೇಲೇಳುವುದಿಲ್ಲ. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ನಿನ್ನ ಅಪ್ಪನಿಗೂ ಈ ಪತ್ರದಿಂದಲೇ ತಿಳಿಯಬೇಕು.

ಜೂಡೊದ ತವರಿನಲ್ಲೇ ತಟ್ಟಿದವರಿದ್ದಾರೆ. 2012ರ ಡಿಸೆಂಬರಿನಲ್ಲಿ ಜಪಾನಿನ 15 ಮಂದಿ ಮಹಿಳಾ ಜೂಡೊ ಪಟುಗಳು ತಮ್ಮ ತರಬೇತುದಾರರ ಹೊಡೆತ ಬೈಗುಳಗಳ ವಿರುದ್ಧ ಅಲ್ಲಿಯ ಒಲಿಂಪಿಕ್ ಸಮಿತಿಗೆ ದೂರು ಕೊಟ್ಟರು. ಮರುವರ್ಷದ ಆರಂಭದಲ್ಲೇ ಮುಖ್ಯ ತರಬೇತುದಾರರು ರಾಜೀನಾಮೆ ಕೊಡಬೇಕಾಯಿತು.

ನೀರಿನ ವಿಷಯದಲ್ಲಂತೂ ನಾನು ಒಂದಿಷ್ಟೂ ಸಡಿಲ ಬಿಡುವವಳಲ್ಲ. 1997ರ ಕೊನೆಯಲ್ಲಿ ಅಮೆರಿಕದ ಮೂವರು ಕಾಲೇಜು ಕುಸ್ತಿಪಟುಗಳು ಹೀಗೆಯೇ ಗಾಳಿಯಾಡದ ಬಟ್ಟೆ ತೊಟ್ಟು, ಬೆವರಿಳಿಸಿ ತೂಕ ತಗ್ಗಿಸಲು ಹೋಗಿ, ಸುಮಾರು ಒಂದು ತಿಂಗಳೊಳಗೆ ಒಬ್ಬರ ಹಿಂದೊಬ್ಬರು ಸತ್ತರು. ಆಮೇಲೆಯೇ ಅಲ್ಲಿ ಅಂಥ ಬಟ್ಟೆಗಳನ್ನು ನಿಷೇಧಿಸಿದ್ದು. ಬೆಳೆಯುವ ಹುಡುಗಿ ನೀನು, 57ರಲ್ಲೇ ಆಡು. ಸೋತರೆ ಸೋಲಲಿ.

ಆ ಕಾಗದಕ್ಕೆ ಹೆದರಬೇಡ. ನಿನಗಿನ್ನೂ 17. ನಮ್ಮ ದೇಶದ ಕಾನೂನಿನಲ್ಲಿ 18 ತುಂಬದವರು ಮಾಡಿಕೊಂಡ ಕರಾರು ನಿಲ್ಲುವುದಿಲ್ಲ. ಆದರೂ ಸಹಿ ಹಾಕಬೇಡ.

ಶುಕ್ರವಾರ ಸಂಜೆಯ ಡೆಕ್ಕನ್ ಕ್ವೀನ್‌ಗೆ ಹೊರಟು ಪುಣೆಗೆ ಬರುತ್ತೇನೆ. ಶನಿವಾರ ನಿನ್ನ ಜೊತೆ ತರಗತಿಗೆ ಬಂದು ಸರ್ ಅವರೊಡನೆ ನಾನೇ ಮಾತನಾಡುತ್ತೇನೆ. ನೀನು ಪಕ್ಕದಲ್ಲಿ ನಿಂತಿದ್ದರೆ ಸಾಕು. ಈ ಪತ್ರ ಓದಿದ ಕೂಡಲೇ ಎದ್ದು ಒಂದು ಚೊಂಬು ನೀರು ಕುಡಿ.

ನಿನ್ನ ಪ್ರೀತಿಯ ಅತ್ತೆ