ಅಲ್ಲೀಪುರ ಜೈಲಿನ ನೆನಪಿಗೊಂದು ಮ್ಯೂಸಿಯಂ ಬೇಕು

ಮಾನ್ಯ ಸಂಪಾದಕರೇ,

ನಮ್ಮ ಮನೆಯಲ್ಲೊಂದು ಹಳೆಯ ಜಮಖಾನ ಇದೆ. ನೀಲಿ-ಬಿಳಿ ಪಟ್ಟೆ, ಒಂದು ಮೂಲೆ ಇಲಿ ಕಡಿದಿದೆ. ನಡುವೆ ಒಂದು ಕಡೆ ನೇಯ್ಗೆ ತಪ್ಪಿ ಬಿಳಿ ಪಟ್ಟೆಯೊಳಗೆ ನಾಲ್ಕೆಳೆ ನೀಲಿ ನೂಲು ಸೇರಿಕೊಂಡಿದೆ. ಜೈಲಿನ ಕೈದಿಗಳು ನೇಯ್ದದ್ದು ಅಂತ ಅಜ್ಜಿ ಹೇಳುತ್ತಿದ್ದರು. ಹಬ್ಬಕ್ಕೆ ಹಾಸಿದಾಗಲೆಲ್ಲ ನನ್ನ ಕಣ್ಣು ಆ ನಾಲ್ಕೆಳೆಯ ಮೇಲೇ ಹೋಗುತ್ತದೆ. ನೇಯ್ದವನು ಯಾವ ಊರಿನವನೋ ಏನೋ.

ಮೊನ್ನೆ ಮೊಮ್ಮಗಳಿಗೆ ನಮ್ಮ ಬಳ್ಳಾರಿಯ ಅಲ್ಲೀಪುರ ಜೈಲಿನ ಕತೆ ಹೇಳುತ್ತಿದ್ದೆ. ಅವಳು ಮೊಬೈಲ್‌ನಲ್ಲಿ ಹುಡುಕಿದರೆ ಬಂದದ್ದು ಕೋಲ್ಕತ್ತದ ಅಲಿಪುರ ಜೈಲು! ಅದನ್ನು 2022ರಲ್ಲಿ ಮ್ಯೂಸಿಯಂ ಮಾಡಿದ್ದಾರೆ. 'ನಮ್ಮೂರದ್ದು ಎಲ್ಲಿ ತಾತ?' ಅಂದಳು. ಏನು ತೋರಿಸಲಿ?

ಬ್ರಿಟಿಷರ ಕಾಲದಲ್ಲಿ ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಹಾಗಾಗಿ ಎಲ್ಲೆಲ್ಲಿಯವರನ್ನೋ ತಂದು ಇಲ್ಲಿ ಹಾಕುತ್ತಿದ್ದರು. 1921ರ ಮಲಬಾರ್ ದಂಗೆಯಲ್ಲಿ ಸಿಕ್ಕಿಬಿದ್ದ ಅನೇಕ ಮಾಪಿಳ್ಳೆಗಳು, ಅಂದರೆ ಕೇರಳದ ಮಲಬಾರಿನ ಮುಸ್ಲಿಮರು, ಬಂದದ್ದು ಬಳ್ಳಾರಿಗೆ. ಆ ನವೆಂಬರ್‌ನಲ್ಲಿ ತಿರೂರಿನಿಂದ ಇಲ್ಲಿಗೆಂದು ಹೊರಟ ಸುಮಾರು ನೂರು ಕೈದಿಗಳನ್ನು ಗಾಳಿಯಾಡದ ಒಂದೇ ರೈಲು ಡಬ್ಬಿಗೆ ತುಂಬಿದ್ದರು. ಕೊಯಮತ್ತೂರು ಹತ್ತಿರದ ಪೋದನೂರಿನಲ್ಲಿ ಬಾಗಿಲು ತೆಗೆದಾಗ ಒಳಗೆ ಹೆಣಗಳು. ಸುಮಾರು 70 ಜನ ಉಸಿರುಗಟ್ಟಿ ಸತ್ತರು. ತಿರೂರಿನಲ್ಲಿ ಅವರ ನೆನಪಿಗೆ ಟೌನ್‌ಹಾಲ್ ಇದೆ. ಅವರು ಬಂದು ಇಳಿಯಬೇಕಿದ್ದ ಊರಲ್ಲಿ ಒಂದು ಫಲಕವನ್ನೂ ನಾನು ಕಂಡಿಲ್ಲ. ಸಂಕಟವಾಗುತ್ತದೆ, ಅಲ್ವಾ?

1930ರಲ್ಲಿ ಉಪ್ಪಿನ ಸತ್ಯಾಗ್ರಹ ಮಾಡಿ ಸೆರೆಯಾದ ಕಾಮರಾಜ್ ಇದ್ದದ್ದೂ ಅಲ್ಲೀಪುರದಲ್ಲೇ. ಮುಂದೆ ಅವರು ಮದ್ರಾಸಿನ ಮುಖ್ಯಮಂತ್ರಿಯಾದರು. ನಮ್ಮ ಎಷ್ಟು ಮಕ್ಕಳಿಗೆ ಇದು ಗೊತ್ತು?

ಪಕ್ಕದ ಸಂಗನಕಲ್ಲಿನಲ್ಲಿ ಸಿಕ್ಕ ಶಿಲಾಯುಗದ ಕಲ್ಲಿನ ಕೊಡಲಿಗಳಿಗೆ ನಮ್ಮೂರಲ್ಲಿ ಒಳ್ಳೆಯ ಮ್ಯೂಸಿಯಂ ಇದೆ. ಸಂತೋಷ. ಹಾಗೆಯೇ ಹಳೆಯ ಜೈಲಿನ ಗೋಡೆ, ಕೋಣೆ ಏನು ಉಳಿದಿದೆಯೋ ಅದರಲ್ಲೇ ಊರಿನ ಚರಿತ್ರೆಯ ಮ್ಯೂಸಿಯಂ ಆಗಲಿ. ಸುಣ್ಣ ಬಳಿದು ನಾಲ್ಕು ನಾಯಕರ ಫೋಟೊ ತೂಗುಹಾಕಿದರೆ ಸಾಲದು. ಕೈದಿಗಳ ರಿಜಿಸ್ಟರ್‌ಗಳನ್ನು ಹುಡುಕಿ ಹೆಸರು, ಊರು ಗೋಡೆಯ ಮೇಲೆ ಬರೆಸಬೇಕು. ಕನ್ನಡದ ಜೊತೆ ತೆಲುಗು, ತಮಿಳು, ಮಲಯಾಳದಲ್ಲೂ ಬರೆಸಬೇಕು, ಆ ಕೈದಿಗಳ ಮೊಮ್ಮಕ್ಕಳು ಹುಡುಕಿಕೊಂಡು ಬಂದರೆ ಓದಲಿ. ವಾರ್ಡರ್‌ಗಳ ಮನೆಗಳಲ್ಲೂ ಹಳೆಯ ಸಾಮಾನು ಇರಬಹುದು. ಕೇಳುವವರು ಇಲ್ಲದೆ ಸುಮ್ನೆ ಗುಜರಿಗೆ ಹೋಗುತ್ತಿವೆ. ಜಿಲ್ಲಾಡಳಿತ ಒಂದು ಪ್ರಕಟಣೆ ಕೊಟ್ಟರೂ ಸಾಕು, ಜನ ತಂದುಕೊಡುತ್ತಾರೆ.

ನಮ್ಮ ಜಮಖಾನ ಕೊಡಲು ನಾನು ಸಿದ್ಧ. ಮಡಿಸಿ ಟ್ರಂಕಿನಲ್ಲಿಟ್ಟಿದ್ದೇನೆ.

– ಹಿರಿಯ ಓದುಗ, ಕೌಲ್ ಬಜಾರ್, ಬಳ್ಳಾರಿ